ಸಿವಿಯ ಮೂಲೆಗೆ ಅರಿಶಿನ

ಕೆ.ಆರ್. ಪುರದ ಒಂದು ನೀರು ಪರೀಕ್ಷಾ ಲ್ಯಾಬಿನಲ್ಲಿ ನನಗೆ ಸಂದರ್ಶನವಿತ್ತು. ಬಿ.ಎಸ್ಸಿ. ಮುಗಿಸಿ ಹಾಕಿದ ಹನ್ನೊಂದು ಅರ್ಜಿಗಳಲ್ಲಿ ಉತ್ತರ ಬಂದದ್ದು ಇದೊಂದಕ್ಕೇ. ಜೋಗುಪಾಳ್ಯದ ಮನೆಯಿಂದ ಹೊರಡುವಷ್ಟರಲ್ಲಿ ಅಮ್ಮ ನನ್ನ ಸಿವಿಯನ್ನು ದೇವರ ಮುಂದಿಟ್ಟು, ಲಗ್ನಪತ್ರಿಕೆಗೆ ಹಚ್ಚುವಂತೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿಬಿಟ್ಟಿದ್ದಳು.

"ಸುಮ್ನೆ ತಗೊಂಡ್ ಹೋಗು, ಒಳ್ಳೇದಾಗತ್ತೆ," ಎಂದಳು. ಇನ್ನೊಂದು ಪ್ರಿಂಟ್ ತೆಗೆಸಲು ಸಮಯವಿರಲಿಲ್ಲ.

ಲ್ಯಾಬಿನ ಮ್ಯಾನೇಜರ್ ಆಗತಾನೇ ಕೈ ತೊಳೆದು ಬಂದವರು ಸಿವಿಯನ್ನು ಮೂಲೆ ಹಿಡಿದು ಎತ್ತಿಕೊಂಡರು. ಹಳದಿ ಮೂಲೆ ಅವರ ಹೆಬ್ಬೆರಳಿನ ಕೆಳಗೆ ಕೆಂಪಾಯಿತು.

"ಏನ್ರೀ ಇದು, ರಕ್ತಾನಾ?"

"ಅರಿಶಿನ ಸರ್. ಕ್ಷಾರ ತಾಗಿದ್ರೆ ಕೆಂಪಾಗತ್ತೆ."

"ಕ್ಷಾರ ಎಲ್ಲಿಂದ ಬಂತು?"

ಸುಳ್ಳು ಹೊಳೆಯಲಿಲ್ಲ. "ನಿಮ್ಮ ಕೈಯಲ್ಲಿ ಇನ್ನೂ ಸೋಪಿದೆ ಸರ್. ಸರಿಯಾಗಿ ತೊಳ್ಕೊಂಡಿಲ್ಲ."

ಕೆಲಸ ಕೈತಪ್ಪಿತು ಅಂದುಕೊಂಡೆ. ಅವರು ಬೆರಳು ಮೂಸಿ ನೋಡಿ, ಎದ್ದು ಹೋಗಿ ಮತ್ತೆ ಕೈ ತೊಳೆದು ಬಂದರು.

"ಸೋಮವಾರದಿಂದ ಬನ್ನಿ. ನಮ್ಮಲ್ಲಿ ಬಾಟ್ಲಿ ತೊಳೆಯೋರಿಗೂ ಇದನ್ನ ಸ್ವಲ್ಪ ತೋರ್ಸಿ," ಎಂದರು.

ನಾನು ಎಂಟು ಸಲ ತಿದ್ದಿ ಬರೆದ ಸಿವಿಯ ಎರಡನೇ ಪುಟವನ್ನು ಮಾತ್ರ ಇವತ್ತಿಗೂ ಯಾರೂ ತಿರುವಿ ನೋಡಿಲ್ಲ.