ಇಳಿಯುವವರು ಬಿಡುವ ದಾರಿ

ಹೊಸ ಗಾಡಿ ಬರುವ ಹಿಂದಿನ ದಿನ ಬಾವ ಹಳೆಯ ಜೀಪನ್ನು ಕೊನೆಯ ಸಲ ತೊಳೆಯುತ್ತಿದ್ದರು.

"ಈ ಸಂಸೆ ಘಟ್ಟದ ರಸ್ತೆಗೆ ಅಷ್ಟುದ್ದದ ಗಾಡಿ ಯಾಕೆ ಮಾರಾಯ? ಹಿಂದೆ ಏನಿದೆ ಅಂತ್ಲೇ ಕಾಣಲ್ಲ."

"ಮನೆಯವ್ರೆಲ್ಲ ಒಟ್ಟಿಗೆ ಕೂರ್ಬಹುದು ಬಾವ," ಎಂದು ಹಟ ಹಿಡಿದವನು ನಾನು. ಅಕ್ಕ ತನಗೆ ಜೀಪೇ ಸಾಕು ಎಂದಿದ್ದಳು.

ನಮ್ಮ ಘಟ್ಟದಲ್ಲಿ ಎದುರು ಗಾಡಿ ಸಿಕ್ಕರೆ ಇಳಿಯುವವರೇ ಹಿಂದೆ ಸರಿಯಬೇಕು. ಬಾವ ಯಾರೊಡನೆಯೂ ಜಗಳವಾಡದೆ, ಕಿಟಕಿಯಿಂದ ಕೈ ಬೀಸಿ "ನೀವು ಹತ್ತಿ, ನೀವು ಹತ್ತಿ" ಎನ್ನುತ್ತ ರಿವರ್ಸ್ ಹೋಗುತ್ತಿದ್ದರು. ಹೊಸ ಗಾಡಿ ಬಂದ ಎರಡನೇ ವಾರ, ಲಾರಿಯೊಂದಕ್ಕೆ ಹಾಗೆಯೇ ದಾರಿ ಬಿಡುವಾಗ ಹಿಂದಿನ ಚಕ್ರ ಅಂಚು ದಾಟಿ ಗಾಡಿ ಕಣಿವೆಗೆ ಉರುಳಿತು. ಅದರಲ್ಲಿ ಅವರೊಬ್ಬರೇ ಇದ್ದರು.

ಅಕ್ಕ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಮೊದಲೆಲ್ಲ ನಾವು ಮುನಿಸಿಕೊಂಡರೆ ನಡುವೆ ಕೂತು ಮಾತಾಡಿಸುತ್ತಿದ್ದವರು ಬಾವ. ಅವರಿಲ್ಲ.