ನನ್ನ ಮೇಲೆ ಕಲಿತ ಡಾಕ್ಟರ್ ಹುಡುಗಿ

ಹುಣಿಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಾಗ ಫೋನ್ ಬಂತು. "ಆಂಟಿ, ಪಾಸಾದೆ!"

ತರೀಕೆರೆಯ ನಮ್ಮ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಹೊರದೇಶದಲ್ಲಿ ಡಾಕ್ಟರ್ ಓದಿ ಬಂದು, ಇಲ್ಲಿಯ ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ರೋಗಿಗಳನ್ನು ಕೇಳುವ ಪ್ರಶ್ನೆಗಳನ್ನು ನನ್ನ ಮೇಲೇ ಕಲಿಯುತ್ತಿದ್ದಳು.

"ಸುಸ್ತು ಎಷ್ಟು ದಿನದಿಂದ?"

"ಹೆಂಗಸರಿಗೆ ಅದು ಇದ್ದಿದ್ದೇ ಕಣೇ."

"ಅದು ಉತ್ತರ ಅಲ್ಲ ಆಂಟಿ, ದಿನ ಹೇಳಿ." ಯಾವಾಗಲೂ ಇದೇ ಮಾತು.

ಮೂರನೇ ಪರೀಕ್ಷೆಗೆ ನಾಲ್ಕೇ ದಿನವಿದ್ದಾಗ, ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದವಳು ಪುಸ್ತಕ ಮುಚ್ಚಿ, ರಕ್ತಪರೀಕ್ಷೆಗೆಂದು ನನ್ನನ್ನು ಕಡೂರಿನ ಬಸ್ಸು ಹತ್ತಿಸಿ ತಾನೂ ಹತ್ತಿದಳು.

"ನಿನ್ನ ಓದು ಹಾಳಾಯ್ತಲ್ಲೇ!"

"ಈ ಪ್ರಶ್ನೆ ಬಂದ್ರೆ ನಿಮ್ಮ ಮುಖ ನೆನೆಸ್ಕೋತೀನಿ, ನಡೀರಿ."

ರಕ್ತ ತೀರಾ ಕಮ್ಮಿಯಿತ್ತು, ಔಷಧಿಯಿಂದ ಚೇತರಿಸಿಕೊಂಡೆ. ನನ್ನಿಂದಾಗಿ ಅವಳು ಮತ್ತೆ ಫೇಲಾದರೆ ಅನ್ನೋ ಭಯ ಮಾತ್ರ ಇವತ್ತಿನವರೆಗೂ ಇತ್ತು.

ದೇವರಿಗೆ ಕೈಮುಗಿದೆ. ಒದ್ದೆ ಬಟ್ಟೆಯ ಬಕೆಟ್ ಎತ್ತಿಕೊಂಡು, ಎಲ್ಲೂ ಸುಸ್ತಾಗಿ ನಿಲ್ಲದೆ ತಾರಸಿ ಹತ್ತಿದೆ.