ಎದುರುಮನೆಯಾಕೆ ಓದಿದ ಮುಖ

ನನ್ನ ಅತ್ತೆಯವರು ಕೊನೆಯ ದಿನ ನನಗೆ ಮಾಡಿದ ಸನ್ನೆಗೆ ಬೇರೊಬ್ಬಳು ಅರ್ಥ ಹೇಳಿದಳು. ಮನೆಯವರೆಲ್ಲ ಅದನ್ನೇ ಒಪ್ಪಿದರು. ನನಗಾದ ಅನ್ಯಾಯ ಇದು. ಇದನ್ನು ಈಗ ಬರೆಯುವುದಕ್ಕೆ ಕಾರಣ, ಮೊನ್ನೆ ನನ್ನ ಮೊಣಕಾಲಿಗೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆ. ಆ ವಾಸನೆ ಎದ್ದೊಡನೆ ಹೊನ್ನಾಳಿಯ ನಮ್ಮ ಪಡಸಾಲೆ, ಅತ್ತೆಯವರ ಮಂಚ, ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತ ಎದುರುಮನೆಯಾಕೆ...

ನನ್ನ ತವರು ಮಂಡ್ಯದ ಕಡೆ. ಹಿರಿಯರ ಮುಖವನ್ನು ನೇರವಾಗಿ ನೋಡುವುದು ನಮ್ಮಲ್ಲಿ ಉದ್ಧಟತನ. ಎಪ್ಪತ್ತರ ದಶಕದ ಆರಂಭದಲ್ಲಿ ಸೊಸೆಯಾಗಿ ಬಂದವಳು ಹನ್ನೊಂದು ವರ್ಷ ತಲೆತಗ್ಗಿಸಿಯೇ ಅತ್ತೆಯವರೊಡನೆ ಮಾತನಾಡಿದೆ. ಅವರ ಎಡಗಾಲಿನ ಕಿರುಬೆರಳು ಒಳಕ್ಕೆ ಮಡಚಿಕೊಂಡಿದ್ದುದು ನನಗೆ ಗೊತ್ತಿತ್ತು; ಕಣ್ಣಿನ ಬಣ್ಣ ಗೊತ್ತಿರಲಿಲ್ಲ.

ಲಕ್ವ ಹೊಡೆದು ಅವರ ಮಾತು ನಿಂತಿತು. ಮೈಯೊರೆಸಿದವಳು, ಎಣ್ಣೆ ತಿಕ್ಕಿದವಳು, ಬಟ್ಟೆ ಒಗೆದವಳು ನಾನು. ಅದೇ ತಿಂಗಳು ಎದುರಿನ ಬಾಡಿಗೆ ಮನೆಗೆ ಬಸ್ ಕಂಡಕ್ಟರನೊಬ್ಬನ ಹೆಂಡತಿ ಬಂದಳು. ಜಗಳೂರು ಕಡೆಯವಳು. ಮೊದಲ ದಿನವೇ ಬಂದು, ಯಾರನ್ನೂ ಕೇಳದೆ ಅತ್ತೆಯವರ ಮಂಚದ ಮೇಲೆ ಕುಳಿತಳು. ನಾನು ಗಂಜಿ ಕುಡಿಸುತ್ತಿದ್ದೆ. ಅತ್ತೆಯವರು ಲೊಚಗುಟ್ಟುತ್ತಿದ್ದರು. ನಮ್ಮ ಕಡೆ ಲೊಚಗುಟ್ಟುವುದು ಮರುಕಕ್ಕೆ. ತಮ್ಮ ಸ್ಥಿತಿಗೆ ತಾವೇ ಮರುಗುತ್ತಿದ್ದಾರೆಂದು ನನಗೂ ಕಣ್ಣೀರು ಬಂತು. ಮತ್ತೊಂದು ಚಮಚ ಬಾಯಿಗಿಟ್ಟೆ.

“ಅಕ್ಕಾ, ನಿಲ್ಸ್ರಿ. ಬ್ಯಾಡ ಬ್ಯಾಡ ಅಂತ ಆಗ್ಲಿಂದ ಅಂತೈತೆ ಅಜ್ಜಿ,” ಎಂದಳಾಕೆ. ಆಮೇಲೆ ಅವರ ಗಲ್ಲ ಹಿಡಿದೆತ್ತಿ, “ಏನಜ್ಜಿ, ಸೊಸಿ ಉಪ್ಪೇ ಹಾಕಿಲ್ಲೇನು?” ಎಂದು ಕೇಳಿದಳು. ಅತ್ತೆಯವರು ಅರ್ಧ ಬಾಯಲ್ಲಿ ನಕ್ಕರು. ಹನ್ನೊಂದು ವರ್ಷದಲ್ಲಿ ನಾನು ಕೇಳದ ನಗೆ ಅದು. ಈ ಕಡೆ ಲೊಚಗುಟ್ಟುವುದೆಂದರೆ ಬೇಡವೆಂದು. ಎಷ್ಟು ದಿನಗಳಿಂದ ಬೇಡವೆಂದವರ ಬಾಯಿಗೆ ಗಂಜಿ ತುರುಕಿದ್ದೆನೋ... ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು.

ನನ್ನಿಬ್ಬರು ನಾದಿನಿಯರು ಚನ್ನಗಿರಿಯಿಂದ, ನ್ಯಾಮತಿಯಿಂದ ತಾಯಿಯನ್ನು ನೋಡಲು ಬರುತ್ತಿದ್ದರು. ಬಂದವರು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅತ್ತೆಯವರು ಹುಬ್ಬು ಏರಿಸಿದರೆ ಸಾಕು, “ಬಿಡ್ರಿ ಅತ್ತಿಗೆ, ನಿಮಗೆ ತಿಳಿಯಲ್ಲ. ಎದುರುಮನೆ ಅಕ್ಕನ್ನ ಕರೀರಿ,” ಎನ್ನುತ್ತಿದ್ದರು. ನಾನೇ ರಸ್ತೆ ದಾಟಿ ಹೋಗಿ ಕರೆತರಬೇಕಿತ್ತು.

ಒಂದು ಮಧ್ಯಾಹ್ನ ಬೇಕೆಂದೇ ಬಾಗಿಲಿಗೆ ಅಗಳಿ ಹಾಕಿದೆ. ಆಕೆ ಎರಡು ಸಲ ತಟ್ಟಿ ಹಿಂದಿರುಗಿದಳು. ಅಂದು ಮೊದಲ ಬಾರಿಗೆ ತಲೆಯೆತ್ತಿ ಅತ್ತೆಯವರ ಮುಖವನ್ನು ನೇರವಾಗಿ ನೋಡಿದೆ. ಅವರು ಬಾಗಿಲನ್ನು ನೋಡುತ್ತಿದ್ದರು. ಸಂಜೆಯವರೆಗೂ ನೋಡುತ್ತಲೇ ಇದ್ದರು. ನಾನೇ ಎದ್ದು ಅಗಳಿ ತೆಗೆದೆ.

ಕೊನೆಯ ದಿನ ಬೆಳಿಗ್ಗೆ ನಾವೆಲ್ಲರೂ ಮಂಚದ ಸುತ್ತ ಇದ್ದೆವು. ಎದುರುಮನೆಯಾಕೆ ತಲೆಯ ಬಳಿ, ನಾದಿನಿಯರು ಆಚೀಚೆ, ನಾನು ಕಾಲ ಬಳಿ. ಅತ್ತೆಯವರು ಬಲಗೈ ಎತ್ತಿ ನನ್ನ ಕಡೆಗೆ ಚಾಚಿದರು. ಅಂಗೈ ಕೆಳಗೆ ಮಾಡಿ ಬೆರಳುಗಳನ್ನು ಎರಡು ಸಲ ಒಳಕ್ಕೆ ಮಡಚಿದರು. ಬಾ ಎಂದು ಕರೆಯುವುದನ್ನು ಮಂಡ್ಯದಲ್ಲಾದರೂ ಜಗಳೂರಿನಲ್ಲಾದರೂ ಬೇರೆ ಹೇಗೆ ಕರೆಯುತ್ತಾರೆ? ನಾನು ಏಳುವಷ್ಟರಲ್ಲಿ ಹಿರಿಯ ನಾದಿನಿ ಎದುರುಮನೆಯಾಕೆಯತ್ತ ತಿರುಗಿ ಅವ್ವ ಏನು ಕೇಳುತ್ತಾಳೆಂದಳು.

“ನೀರು,” ಎಂದಳಾಕೆ.

ನೀರು ತಂದರು. ಜಾಗವಿಲ್ಲದೆ ನಾನು ಗೋಡೆಗೆ ಸರಿದೆ. ಎರಡು ಚಮಚ ಒಳಗಿಳಿಯಿತು. ಮೂರನೆಯದು ಕಟವಾಯಿಂದ ಹೊರಗೆ ಹರಿಯಿತು.

ಮರುವರ್ಷ ಗಂಡನಿಗೆ ವರ್ಗವಾಗಿ ಆಕೆ ಜಗಳೂರಿಗೆ ಹಿಂದಿರುಗಿದಳು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು, ನಾನು ಬಿಡಿಸಿಕೊಂಡೆ. ಈಗ ಆಕೆಯೂ ತೀರಿಕೊಂಡಿದ್ದಾಳೆಂದು ಕೇಳಿದೆ. ದುಃಖವಾಯಿತು, ಸುಳ್ಳು ಹೇಳಲಾರೆ. ಅದು ನಿನಗೆ ನಿಜವಾಗಿ ನೀರೇ ಎಂದು ಕಂಡಿತೋ, ಬಾಯಿಗೆ ಬಂದದ್ದನ್ನು ಹೇಳಿದೆಯೋ ಎಂದು ಒಮ್ಮೆಯಾದರೂ ಕೇಳಬೇಕಿತ್ತು. ಇನ್ನು ಯಾರನ್ನು ಕೇಳಲಿ...

ನೀವಿಬ್ಬರು ಇದ್ದೀರಿ, ನಾದಿನಿಯರೇ. ಆ ಕೈ ನನ್ನ ಕಡೆಗೆ ಚಾಚಿದ್ದನ್ನು ನೀವೂ ಕಂಡಿರಿ. ಅವಳನ್ನು ಕೇಳುವ ಮೊದಲು ನನ್ನನ್ನೊಮ್ಮೆ ಕೇಳಿದ್ದರೆ ನಿಮ್ಮದೇನು ಹೋಗುತ್ತಿತ್ತು?